ಏಳನೆಯ ಕಲಮು ಬರೆದ ಚಳಿಗಾಲ

ಕಳೆದ ನವೆಂಬರಿನಲ್ಲಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲು ಶೋರ್‌ಲೈನಿನ ಒಂದು ಚರ್ಚಿನ ನೆಲಮಾಳಿಗೆಗೆ ಹೋಗಬೇಕಾಯಿತು. ಜಾಗ ಆರಿಸುವ ಹಕ್ಕು ನನಗಿದ್ದಿದ್ದರೆ ಬೇರೆ ಎಲ್ಲಿಗಾದರೂ ಹೋಗುತ್ತಿದ್ದೆ. ಮೆಟ್ಟಿಲಿಳಿಯುತ್ತಿದ್ದಂತೆ ಒದ್ದೆ ಜಮಖಾನೆಯ, ಕಾಸಿ ಕಾಸಿ ಕಹಿಯಾದ ಕಾಫಿಯ, ಮಡಚುವ ಕುರ್ಚಿಗಳ ಕಬ್ಬಿಣದ ವಾಸನೆ ಒಟ್ಟಾಗಿ ಮೂಗಿಗೆ ಬಡಿಯಿತು. ನರ್ಸು ಎಡ ತೋಳೋ ಬಲ ತೋಳೋ ಎಂದು ಎರಡು ಸಲ ಕೇಳಿದ ಮೇಲೆ ನನಗೆ ಕೇಳಿಸಿತು. ೨೦೧೪ರ ಮೊದಲ ಮೂರು ತಿಂಗಳಲ್ಲಿ ಆ ಕೋಣೆಯಲ್ಲಿ ನಡೆದದ್ದನ್ನು ನಾನು ಮರೆತಿರಬೇಕೆಂದು ನಂಬಿಕೊಂಡಿರುವವರು ನಮ್ಮ ಬಳಗದಲ್ಲಿ ಹಲವರಿದ್ದಾರೆ. ವಯಸ್ಸಾಯಿತು, ಬಿಟ್ಟುಬಿಟ್ಟಿದ್ದಾರೆ ಎನ್ನುತ್ತಾರಂತೆ. ನಾನು ಬಿಟ್ಟಿಲ್ಲ. ಅವರ ಪಾಲಿನದನ್ನೂ ಬಿಟ್ಟಿಲ್ಲ, ನನ್ನ ಪಾಲಿನದನ್ನೂ ಬಿಟ್ಟಿಲ್ಲ.

ಬಳಗವೆಂದರೆ ಸಿಯಾಟಲಿನ ಉತ್ತರ ಭಾಗದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಒಂದು ಸಣ್ಣ ಕೂಟ. ತಿಂಗಳಿಗೊಂದು ಶನಿವಾರ ಆ ನೆಲಮಾಳಿಗೆಯಲ್ಲಿ ಸೇರಿ, ಮಕ್ಕಳಿಗೆ ಒಂದು ಗಂಟೆ ಕನ್ನಡ ಹೇಳಿಕೊಟ್ಟು, ಒಟ್ಟಿಗೆ ಊಟ ಮಾಡಿ ಹೋಗುವುದು ರೂಢಿ. ಅಡುಗೆ ಸದಸ್ಯರ ಮನೆಗಳಿಂದ ಬರುತ್ತಿತ್ತು. ಯಾವ ತಿಂಗಳು ಯಾರ ಮನೆಯದು ಎಂಬ ಪಟ್ಟಿಯನ್ನು ಪ್ರತಿ ಜನವರಿಯಲ್ಲಿ ಮಾಡುತ್ತಿದ್ದರು. ಅದರಲ್ಲಿ ಯುಗಾದಿಯ ಊಟಕ್ಕೆ ಹೆಸರು ಬಂದವರನ್ನು ಉಳಿದವರು ಒಂದು ವರ್ಷ ಸ್ವಲ್ಪ ಬೇರೆ ದನಿಯಲ್ಲಿ ಮಾತಾಡಿಸುತ್ತಿದ್ದರು. ಇಷ್ಟಕ್ಕೆ ಇಷ್ಟು ಬೆಲೆಯೇ ಎಂದು ಹೊರಗಿನವರು ನಗಬಹುದು. ಹದಿಮೂರು ಸಾವಿರ ಕಿಲೋಮೀಟರು ದೂರ ಬಂದವರಿಗೆ ತಮ್ಮ ಕೈಯಡುಗೆಯನ್ನು ತಮ್ಮವರು ಉಣ್ಣುವುದು ಸಣ್ಣ ಸಂಗತಿಯಲ್ಲ.

ನಾನು ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಓದಲು ಬಂದವನು. ಓದು ಮುಗಿದ ಮೇಲೆ ರೆಂಟನ್ನಿನ ವಿಮಾನ ಕಾರ್ಖಾನೆ ಸೇರಿ ಅಲ್ಲಿಯೇ ನಿವೃತ್ತನಾದೆ. ವಿಮಾನದ ಒಂದೊಂದು ಭಾಗವೂ ಯಾವ ನಿಯಮಕ್ಕೆ ಹೇಗೆ ಬದ್ಧವಾಗಿದೆ ಎಂಬುದನ್ನು ಕಾಗದದ ಮೇಲೆ ಸಾಧಿಸಿ ತೋರಿಸುವ ವಿಭಾಗದಲ್ಲಿ ನಾನಿದ್ದೆ. ಒಂದು ವಾಕ್ಯದಲ್ಲಿ ಒಂದು ಅಲ್ಪವಿರಾಮ ಸರಿದರೆ ಯಾರು ಒಳಗಾಗುತ್ತಾರೆ, ಯಾರು ಹೊರಗಾಗುತ್ತಾರೆ ಎಂದು ಲೆಕ್ಕ ಹಾಕುವುದೇ ನನ್ನ ಅನ್ನವಾಗಿತ್ತು.

ಅವಮಾನಗಳ ವಿಷಯದಲ್ಲಿಯೂ ನನಗೆ ಅದೇ ಅಭ್ಯಾಸ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದ ನನಗೆ ಮೈಸೂರಿನಲ್ಲಿ ಸಹಪಾಠಿಯ ತಾಯಿ ಲೋಟವನ್ನು ತೊಳೆದು ಬೋರಲು ಹಾಕಿ ಹೋಗಲು ಹೇಳಿದ ದಿನ ಯಾವ ವಾರವೆಂದು ನೆನಪಿದೆ. ಸಿಯಾಟಲಿಗೆ ಬಂದ ಮೊದಲ ವರ್ಷ ವಿಶ್ವವಿದ್ಯಾಲಯದ ಹತ್ತಿರ ಕೋಣೆ ಕೇಳಿದಾಗ, ಈಗಷ್ಟೇ ಬೇರೆಯವರಿಗೆ ಕೊಟ್ಟೆ ಎಂದ ಮನೆಯೊಡೆಯ, ಅರ್ಧ ಗಂಟೆಯ ನಂತರ ನನ್ನ ಬಿಳಿಯ ಗೆಳೆಯ ಫೋನ್ ಮಾಡಿದಾಗ ಖಾಲಿಯಿದೆ ಬನ್ನಿ ಎಂದಿದ್ದ. ಆ ಮನೆಯ ಬಾಗಿಲಿನ ಬಣ್ಣ ಕೂಡ ನೆನಪಿದೆ. ಆದ್ದರಿಂದ ಅನ್ಯಾಯವೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಗರ್ವ ನನಗಿತ್ತು.

ಮಹದೇವನನ್ನು ಬಳಗಕ್ಕೆ ಕರೆತಂದವನು ನಾನು. ಕಾರ್ಖಾನೆಯಲ್ಲಿ ನನ್ನ ಕೊನೆಯ ವರ್ಷ ಅವನು ಗುಣಮಟ್ಟದ ತಪಾಸಣೆಗೆ ಸೇರಿದ. ಕೊಳ್ಳೇಗಾಲದ ಆಚೆಗಿನ ಹಳ್ಳಿಯವನು. ಮಾತಿನಲ್ಲಿ ಮಾತು ಬಂದಾಗ ಊರಿನ ಹೆಸರು ಹೇಳಿದ, ಅವನ ತಂದೆ ಯಾವ ದಿಕ್ಕಿನ ಮನೆಯವರೆಂದು ನನಗೆ ತಿಳಿಯಿತು. ಅವನಿಗೂ ನನಗೆ ತಿಳಿಯಿತೆಂದು ತಿಳಿಯಿತು. ಅದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಹೆಂಡತಿ ಸುಧಾ, ಏಳನೆಯ ತರಗತಿಯಲ್ಲಿ ಓದುವ ಮಗಳು ಮೇಘನಾ, ಇಷ್ಟೇ ಸಂಸಾರ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯ ಫ್ಲಾಟಿನಲ್ಲಿದ್ದರು. ಅಡುಗೆ ಅವನದೇ. ಎರಡು ವರ್ಷದಿಂದ ಬಳಗಕ್ಕೆ ಬರುತ್ತಿದ್ದವನು ೨೦೧೩ರ ಅಕ್ಟೋಬರಿನಲ್ಲಿ ಮೊದಲ ಸಲ ತನ್ನ ಪಾಳಿಗೆ ರಾಗಿ ಮುದ್ದೆ, ಉಪ್ಸಾರು ಮಾಡಿ ತಂದ. ಮೂರು ದೊಡ್ಡ ಹಾಟ್‌ಬಾಕ್ಸುಗಳು ಅರ್ಧ ಗಂಟೆಯಲ್ಲಿ ಬರಿದಾದವು. ಬೆಂಗಳೂರಿನಲ್ಲಿ ಹುಟ್ಟಿದ ಸಾಫ್ಟ್‌ವೇರಿನ ಹುಡುಗರು ಚಮಚ ಬಿಟ್ಟು ಕೈಯಲ್ಲಿ ಮುರಿದು ನುಂಗುವುದನ್ನು ಅವನಿಂದಲೇ ಕಲಿತರು.

ಬಳಗದ ಅಧ್ಯಕ್ಷ ಶ್ರೀನಾಥ್, ದೊಡ್ಡ ಕಂಪನಿಯಲ್ಲಿ ಮ್ಯಾನೇಜರು, ಎರಡನೆಯ ಮುದ್ದೆ ಹಾಕಿಸಿಕೊಂಡು ಕೇಳಿದ: "ಮಹದೇವ್, ಸಖತ್ತಾಗಿದೆ ರೀ! ಯಾವೂರು ಅಂದ್ರಿ?"

ಮಹದೇವ ಹೇಳಿದ.

"ಓ, ಆ ಕಡೆ ನಮ್ಮ ಸೋದರತ್ತೆ ಇದಾರೆ. ಊರಲ್ಲಿ ಯಾವ ಬೀದಿ?"

"ಊರಾಚೆ ಸರ್," ಎಂದು ಮಹದೇವ ನಕ್ಕು, "ಇನ್ನೊಂದ್ಚೂರು ಸಾರು ಹಾಕ್ಲಾ?" ಎಂದ.

ಶ್ರೀನಾಥನ ಕೈ ತಟ್ಟೆಯ ಮೇಲೆ ಬಂತು, ಸಾಕು ಎನ್ನುವಂತೆ. ತಟ್ಟೆಯಲ್ಲಿ ಮುದ್ದೆ ಹಾಗೆಯೇ ಉಳಿಯಿತು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಎಲ್ಲವನ್ನೂ ನೋಡಿ, ಉಪ್ಪಿನಕಾಯಿ ಕೇಳಿದೆ.

ಜನವರಿ ಬಂತು. ಪಟ್ಟಿ ಮಾಡುವ ಮೊದಲು ಶ್ರೀನಾಥ್ ನಮ್ಮ ಮನೆಗೇ ಬಂದ, ಬಾದಾಮಿ ಹಲ್ವದ ಡಬ್ಬಿ ಹಿಡಿದು.

"ಅಂಕಲ್, ಬೈಲಾ ಅಪ್‌ಡೇಟ್ ಮಾಡ್ಬೇಕು. ಫುಡ್ ಸೇಫ್ಟಿ ವಿಷ್ಯ. ಯಾರಿಗಾದ್ರೂ ಹೊಟ್ಟೆ ಕೆಟ್ರೆ ಚರ್ಚ್‌ನೋರು ಹಾಲ್ ಕೊಡಲ್ಲ. ಡ್ರಾಫ್ಟಿಂಗಲ್ಲಿ ನಿಮ್ಮನ್ನ ಬೀಟ್ ಮಾಡೋರು ಯಾರಿದಾರೆ ಹೇಳಿ?"

ಹೊಗಳಿಕೆಗೆ ಕಿವಿ ಸೋತಿತು. ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟೆ. ಏಳನೆಯ ಕಲಮು: ಬಳಗಕ್ಕೆ ಅಡುಗೆ ಮಾಡಬಯಸುವವರು ಆಹಾರ ಸಿದ್ಧಪಡಿಸುವವರಿಗಾಗಿ ಇಲ್ಲಿಯ ಜಿಲ್ಲಾಡಳಿತವಾದ ಕೌಂಟಿಯವರು ನಡೆಸುವ ಪರೀಕ್ಷೆ ಬರೆದು ಕಾರ್ಡ್ ಪಡೆದಿರಬೇಕು, ಸಮಿತಿಯ ಇಬ್ಬರು ಅವರ ಅಡುಗೆಮನೆಯನ್ನು ನೋಡಿ, ಸಮಿತಿಗೆ ತೃಪ್ತಿಯಾಗುವಂತಿದೆ ಎಂದು ದಾಖಲಿಸಬೇಕು, ಕಳೆದ ಮೂರು ವರ್ಷ ಸತತವಾಗಿ ಪಟ್ಟಿಯಲ್ಲಿದ್ದ ಕುಟುಂಬಗಳಿಗೆ ಇದು ಅನ್ವಯಿಸುವುದಿಲ್ಲ. ಈ ಕೊನೆಯ ಭಾಗ ಶ್ರೀನಾಥ್ ಕೇಳಿದ್ದಲ್ಲ, ನಾನೇ ಸೇರಿಸಿದ್ದು. ಹೊಸ ನಿಯಮ ಬಂದಾಗ ಈಗಾಗಲೇ ಹಾರುತ್ತಿರುವ ವಿಮಾನವನ್ನು ಹೊರಗಿಟ್ಟು, ಹೊಸದಾಗಿ ಬರುವುದಕ್ಕೆ ಮಾತ್ರ ಅನ್ವಯಿಸುವುದು ನಮ್ಮ ಉದ್ಯೋಗದ ಮಾಮೂಲು ಕ್ರಮ. ವಯಸ್ಸಾದ ಹೆಂಗಸರು ಪರೀಕ್ಷೆಗೆ ಕೂರಬೇಕಾಗದಿರಲಿ ಎಂಬ ಕರುಣೆಯೂ ಇತ್ತು. ಶ್ರೀನಾಥ್ ಆ ಕೊನೆಯ ಭಾಗವನ್ನು ಎರಡು ಸಲ ಓದಿ, "ಅಂಕಲ್, ಬ್ರಿಲಿಯಂಟ್," ಎಂದ. ಆ ಎರಡನೆಯ ಓದಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ನನ್ನ ಹೆಂಡತಿ ಸರೋಜ ಕರಡು ನೋಡಿ, "ರೀ, ಸಾರು ಮಾಡೋಕೂ ಪರೀಕ್ಷೆನಾ? ಹಾಗಾದ್ರೆ ತಿನ್ನೋರಿಗೂ ಒಂದು ಇಟ್ಬಿಡಿ," ಎಂದು ಹಲ್ವದ ಡಬ್ಬಿ ಮುಚ್ಚಿಟ್ಟಳು.

ಅದೇ ತಿಂಗಳು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಲೈಬ್ರರಿಯಲ್ಲಿ ಹಿರಿಯರಿಗಾಗಿ ಒಂದು ತರಗತಿ ಶುರುವಾಯಿತು. ವಿಷಯ, ಗುಲಾಮಗಿರಿ ಕೊನೆಗೊಂಡ ಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಜನರನ್ನು ಬೇರ್ಪಡಿಸುವ ಕಾನೂನುಗಳು ಹೇಗೆ ಹುಟ್ಟಿದವು ಎಂಬುದು. ಮಳೆ ಸುರಿಯುವ ಇಲ್ಲಿಯ ಚಳಿಗಾಲದಲ್ಲಿ ದಿನವಿಡೀ ಮನೆಯಲ್ಲಿ ಕೂತು ತಪ್ಪು ಹುಡುಕುವ ನನ್ನನ್ನು ಹೊರಗೆ ಕಳಿಸಲು ಸರೋಜಳೇ ಹೆಸರು ಬರೆಸಿದ್ದಳು. ಕಲಿಸುತ್ತಿದ್ದವರು ಮಿಸೆಸ್ ಹಾಲೋವೇ, ನಿವೃತ್ತ ಶಾಲಾ ಶಿಕ್ಷಕಿ. ಕಪ್ಪು ಜನಾಂಗದ ಅವರ ತಂದೆ ದಕ್ಷಿಣದ ಲೂಯಿಸಿಯಾನದಿಂದ ಬಂದು ವಿಮಾನ ಕಾರ್ಖಾನೆಯಲ್ಲಿ ದುಡಿದವರು. ಎತ್ತರದ ಹೆಂಗಸು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ಕನ್ನಡಕ ಒರೆಸುತ್ತಿದ್ದರು, ಉತ್ತರ ಬರುವವರೆಗೂ ಒರೆಸುತ್ತಲೇ ಇರುತ್ತಿದ್ದರು.

ಮೊದಲ ವಾರ ಅವರು ಒಂದು ಹಳೆಯ ಕಾನೂನಿನ ನಕಲನ್ನು ಹಂಚಿದರು. ಮಿಸಿಸಿಪ್ಪಿಯದು, ಗುಲಾಮಗಿರಿ ನಿಂತ ಅದೇ ವರ್ಷ ಬರೆದದ್ದು. ಬಿಡುಗಡೆ ಹೊಂದಿದವನು ಪ್ರತಿ ಜನವರಿಯಲ್ಲಿ ತನಗೆ ಮನೆಯಿದೆ, ಕೆಲಸವಿದೆ ಎಂಬುದಕ್ಕೆ ಲಿಖಿತ ಪುರಾವೆ ಇಟ್ಟುಕೊಂಡಿರಬೇಕು. ಇಲ್ಲದವನು ಅಲೆಮಾರಿ. ಅಲೆಮಾರಿಗೆ ದಂಡ. ದಂಡ ಕಟ್ಟಲಾಗದವನನ್ನು, ಅವನ ಪರವಾಗಿ ದಂಡ ಕಟ್ಟುವವನ ಬಳಿ ದುಡಿಮೆಗೆ ಒಪ್ಪಿಸತಕ್ಕದ್ದು. ಪಟ್ಟಣದ ಹೊರಗೆ ಅವನು ಭೂಮಿಯನ್ನು ಗೇಣಿಗೆ ಪಡೆಯುವಂತಿಲ್ಲ. ರೈಲಿನಲ್ಲಿ ಬಿಳಿಯರ ಮೊದಲ ದರ್ಜೆಯ ಡಬ್ಬಿಗೆ ಹತ್ತುವಂತಿಲ್ಲ. ಆದರೆ ಯಜಮಾನಿಯ ಜೊತೆ ಸೇವಕಿಯಾಗಿ ಬಂದವಳು ಹತ್ತಬಹುದು.

"ಅಂದರೆ ಪಕ್ಕದಲ್ಲಿ ಕೂರುವುದರಿಂದ ಅವರಿಗೆ ತೊಂದರೆಯಿರಲಿಲ್ಲ," ಎಂದರು ಮಿಸೆಸ್ ಹಾಲೋವೇ. "ಹಾಗಾದರೆ ತೊಂದರೆ ಯಾವುದರಿಂದ?" ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ಕಾಗದವನ್ನು ವೃತ್ತಿಯ ಕಣ್ಣಿನಿಂದ ನೋಡುತ್ತಿದ್ದೆ. ಅಸಹ್ಯವಾಯಿತು, ನಿಜ, ಆದರೆ ಒಂದು ವಾಕ್ಯ ಇನ್ನೊಂದು ವಾಕ್ಯದ ಕೈ ಹಿಡಿದು ಬೇಲಿ ಕಟ್ಟಿದ ರೀತಿಯನ್ನು ಮೆಚ್ಚದಿರಲಾಗಲಿಲ್ಲ. ಹಾಗೆಂದು ಹೇಳಿಯೂ ಬಿಟ್ಟೆ: ಬರೆದವರು ಕೆಲಸ ಬಲ್ಲವರು.

ಅವರು ನನ್ನತ್ತ ನೋಡಿ, "ಹೌದು. ಇದನ್ನು ಕೂಗಾಡುವ ಜನ ಬರೆಯಲಿಲ್ಲ. ಕೂಗಾಡುವವರಿಗೆ ಬರೆಯಲು ಬರುವುದಿಲ್ಲ," ಎಂದರು.

ಫೆಬ್ರವರಿಯ ಮೊದಲ ವಾರ ಊರಿನ ಫುಟ್‌ಬಾಲ್ ತಂಡ ಗೆದ್ದು, ಇಡೀ ಸಿಯಾಟಲ್ ನೀಲಿ ಹಸಿರು ಬಟ್ಟೆ ತೊಟ್ಟು ಬೀದಿಗಿಳಿದಿತ್ತು. ಆ ಸಂಭ್ರಮ ಮುಗಿದ ಶನಿವಾರ ಮಹದೇವ ಫೋನ್ ಮಾಡಿ, ಟಕ್ವಿಲಾದ ಮಾಲಿಗೆ ಬರುವಿರಾ, ಮಗಳಿಗೆ ಶೂ ಕೊಡಿಸಲು ಬಂದಿದ್ದೇವೆ, ನಿಮ್ಮ ಜೊತೆ ಒಂದು ಮಾತಿದೆ ಎಂದ. ಹೋದೆ. ತಾಯಿ ಮಗಳು ಅಂಗಡಿಯಲ್ಲಿದ್ದರು. ನಾವಿಬ್ಬರೂ ಕಾಫಿ ಹಿಡಿದು ಕೂತೆವು.

ಅವನು ಕೌಂಟಿಯ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದ. ಯುಗಾದಿಯ ಊಟಕ್ಕೆ ಹೆಸರು ಕೊಟ್ಟಿದ್ದ. ಹಿಂದಿನ ಭಾನುವಾರ ಶ್ರೀನಾಥನೂ ಸಮಿತಿಯ ಒಬ್ಬ ಹೆಂಗಸೂ ಅವನ ಅಡುಗೆಮನೆ ನೋಡಲು ಹೋಗಿದ್ದರು.

"ಏನಾಯ್ತಪ್ಪ?"

"ಏನಿಲ್ಲ ಸರ್, ವಿಮಾನದ ಇನ್ಸ್‌ಪೆಕ್ಷನ್ನೇ ವಾಸಿ. ಫ್ರಿಜ್ ತೆಗೆದ್ರು, ಮೊಟ್ಟೆ ಟ್ರೇ ಕಂಡ್ರು, ಮುಖ ಮುಖ ನೋಡ್ಕೊಂಡ್ರು. ಶ್ರೀನಾಥ್ ಮನೇಲಿ ನಾನೇ ಆಮ್ಲೆಟ್ ತಿಂದಿದೀನಿ ಸರ್! ಅವ್ರ ಮಗನ ಬರ್ತ್‌ಡೇಲಿ."

"ಆಮೇಲೆ?"

"ಸುಧಾ ನೀರು ಕೊಟ್ಳು. ಆ ಮೇಡಮ್ಮು, 'ಇಲ್ಲಮ್ಮ, ಇವತ್ತು ಉಪವಾಸ' ಅಂದ್ರು. ಪಾರ್ಕಿಂಗಲ್ಲಿ ಕಾರೊಳಗೆ ಕೂತು ಬಾಟ್ಲು ತೆಗೆದು ಗಟಗಟ ಕುಡೀತಿದ್ರು. ನಾವು ಬಾಲ್ಕನಿಯಿಂದ ನೋಡ್ತಾ ಇದ್ವಿ." ಅವನು ನಗುತ್ತಲೇ ಹೇಳಿದ. "ನಿನ್ನೆ ಈಮೇಲ್ ಬಂತು. ಅಡುಗೆಮನೆ ಸಮಿತಿಗೆ ತೃಪ್ತಿಯಾಗುವಂತಿಲ್ಲ, ಅಂತ."

ಅವು ನನ್ನ ಪದಗಳು. ಇದೆ ಎಂಬುದು ಇಲ್ಲ ಎಂದಾದದ್ದನ್ನು ಬಿಟ್ಟರೆ, ಒಂದಕ್ಷರ ಬದಲಾಗದೆ.

ನನ್ನ ಮೈ ಉರಿಯಿತು. ಮುಂದಿನ ಸಭೆಯಲ್ಲಿಯೇ ಇದನ್ನು ಎತ್ತುತ್ತೇನೆ, ಅವರ ಬಣ್ಣ ಬಯಲು ಮಾಡುತ್ತೇನೆ ಎಂದೆ. ಅವನ ನಗು ನಿಂತಿತು. ಕಾರ್ಖಾನೆಯ ಕನ್ನಡವೂ ಕಳಚಿ, ನಮ್ಮ ಕಡೆಯ ಮಾತು ಹೊರಬಂತು.

"ಬುಡಿ ಸಾ. ಅದ್ಕೇ ನಿಮ್ಮನ್ನ ಕರ‍್ದಿದ್ದು. ಬುಟ್ಬುಡಿ. ಮೇಘನಾಗೆ ನಾವೇನೂ ಹೇಳಿಲ್ಲ. ನಾವು ಯಾರು, ಊರಲ್ಲಿ ಏನಾಗಿತ್ತು, ಒಂದೂ ಗೊತ್ತಿಲ್ಲ ಮಗೀಗೆ. ಅಪ್ಪ ಫಾರಂ ತಡ ಮಾಡ್ದ, ಅದ್ಕೆ ಯುಗಾದಿಗೆ ಅಡುಗೆ ಇಲ್ಲ ಅಂದಿದೀನಿ."

"ಎಷ್ಟು ದಿನ ಮುಚ್ಚಿಡ್ತೀಯ?"

"ಮುಚ್ಚಿಡಾದಲ್ಲ ಸಾ. ನಾನೇ ಹೇಳ್ತೀನಿ. ಇನ್ನೊಂದಷ್ಟು ದೊಡ್ಡವಳಾಗ್ಲಿ, ಊರ‍್ಗೆ ಕರ‍್ಕೊಂಡೋಗಿ, ನಮ್ಮವ್ವ ನಾಟಿ ಮಾಡ್ತಿದ್ದ ಗದ್ದೆ ತೋರ‍್ಸಿ, ನಮ್ಮಪ್ಪ ನನ್ನ ಮೂರು ಮೈಲಿ ನಡೆಸ್ಕೊಂಡೋಗಿ ಇಸ್ಕೂಲ್ಗೆ ಬುಟ್ಟಿದ್ದು ಹೇಳಿ, ಆಮ್ಯಾಕೆ ಇದು. ಮೊದ್ಲು ಅದು, ಆಮ್ಯಾಕೆ ಇದು. ನನ್ ಬಾಯಿಂದ. ಅವಮಾನದಿಂದ ಶುರು ಆಗ್ಬಾರ‍್ದು."

ಅಷ್ಟರಲ್ಲಿ ಮೇಘನಾ ಹೊಸ ಶೂ ತೊಟ್ಟೇ ಓಡಿಬಂದು, ನನಗೆ "ಹಾಯ್ ತಾತ!" ಎಂದಳು. ಅವಳು ಯುಗಾದಿಗೆ ಒಬ್ಬಳೇ ಹಾಡುವವಳಿದ್ದಳು. ಮಹದೇವ ನನ್ನ ಮುಖವನ್ನೇ ನೋಡುತ್ತಿದ್ದ. ನಾನು "ಸರಿ" ಎಂದೆ. ಮಾತು ಕೊಟ್ಟೆ ಎಂದರೆ ಅದೇ.

ಮಾರ್ಚ್ ಬಂದರೂ ಮಳೆ ನಿಲ್ಲಲಿಲ್ಲ. ಇಲ್ಲಿಯ ಮಳೆಗೆ ಗುಡುಗಿಲ್ಲ, ಆರ್ಭಟವಿಲ್ಲ. ಗೊಣಗುತ್ತಲೇ ವಾರಗಟ್ಟಲೆ ಸುರಿಯುತ್ತದೆ. ತರಗತಿಯಲ್ಲಿ ನಾವು ಮುಂದೆ ಸಾಗಿದ್ದೆವು. ಆ ಮೊದಲ ಕಾನೂನುಗಳನ್ನು ಕೇಂದ್ರ ಸರ್ಕಾರ ತಳ್ಳಿಹಾಕಿತು. ಸಂವಿಧಾನಕ್ಕೆ ತಿದ್ದುಪಡಿ ಬಂತು. ಕಪ್ಪು ಜನ ಮತ ಹಾಕಿದರು, ಶಾಸನಸಭೆಗೆ ಹೋದರು. ಮುಂದೆ ಕೇಂದ್ರದ ಸೈನ್ಯ ದಕ್ಷಿಣದಿಂದ ಹಿಂತೆಗೆಯಿತು, ಹಳಬರು ಮರಳಿ ಕುರ್ಚಿಯಲ್ಲಿ ಕೂತರು. ಆದರೆ ತಿದ್ದುಪಡಿ ಪುಸ್ತಕದಲ್ಲಿ ಉಳಿದಿತ್ತು. ಮತದ ಕಾನೂನಿನಲ್ಲಿ ಬಣ್ಣದ ಹೆಸರು ಬರೆಯುವಂತಿರಲಿಲ್ಲ.

"ಮೊದಲು ಅವರು ಆ ಪದವನ್ನು ಬರೆದರು," ಎಂದರು ಮಿಸೆಸ್ ಹಾಲೋವೇ. "ಬರೆಯಬಾರದೆಂದಾಗ, ಬರೆಯದೆ ಅದೇ ಕೆಲಸ ಮಾಡುವುದನ್ನು ಕಲಿತರು."

ಆ ದಿನ ಕೊಟ್ಟ ನಕಲುಗಳು ಎರಡು. ಒಂದರಲ್ಲಿ, ಮತದಾರನು ಸಂವಿಧಾನದ ಒಂದು ಭಾಗವನ್ನು ಓದಬೇಕು ಅಥವಾ ಓದಿ ಹೇಳಿದರೆ ಸರಿಯಾಗಿ ಅರ್ಥ ವಿವರಿಸಬೇಕು. ಸರಿಯಾಯಿತೇ ಇಲ್ಲವೇ ಎಂದು ತೀರ್ಮಾನಿಸುವವನು ಎದುರಿಗೆ ಕೂತ ಅಧಿಕಾರಿ. ಇನ್ನೊಂದು ಲೂಯಿಸಿಯಾನದ್ದು: ಓದು ಬರಹದ ಪರೀಕ್ಷೆಯೋ ಆಸ್ತಿಯೋ ಬೇಕು, ಆದರೆ ಇಂಥ ದಿನಕ್ಕೆ ಮೊದಲೇ ಮತದ ಹಕ್ಕಿದ್ದವನಿಗೆ, ಅವನ ಮಗನಿಗೆ, ಮೊಮ್ಮಗನಿಗೆ ಇವು ಅನ್ವಯಿಸುವುದಿಲ್ಲ. ಆ ದಿನ ಯಾವುದೆಂದರೆ, ಅಲ್ಲಿಯ ಕಪ್ಪು ಜನರಿಗೆ ಮತ ಸಿಗುವುದಕ್ಕೆ ಸ್ವಲ್ಪ ಮೊದಲಿನದು.

ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ. ಪರೀಕ್ಷೆ, ಎದುರಿಗೆ ಕೂತವನ ತೃಪ್ತಿ, ಮೊದಲೇ ಇದ್ದವರಿಗೆ ವಿನಾಯಿತಿ. ಮೂರೂ ನನ್ನ ಏಳನೆಯ ಕಲಮಿನಲ್ಲಿ ಅದೇ ಕ್ರಮದಲ್ಲಿದ್ದವು. ಆ ವರ್ಷ ವಿನಾಯಿತಿ ಸಿಗದೆ ಉಳಿದವು ಮೂರು ಕುಟುಂಬಗಳು. ಇಬ್ಬರ ಅಡುಗೆಮನೆ ನೋಡಲು ಹೋದವರು ಹತ್ತು ನಿಮಿಷ ಕೂತು, ಕಾಫಿ ಕುಡಿದು, ತೃಪ್ತರಾಗಿ ಬಂದಿದ್ದರು. ಒಂದು ಕೆಟ್ಟ ಮನಸ್ಸಿಗೆ ಬೇಕಾದ ಸಾಧನವನ್ನು ಒಳ್ಳೆಯ ಮನಸ್ಸಿನಿಂದ, ಹಲ್ವ ತಿನ್ನುತ್ತ, ಮಾಡಿಕೊಟ್ಟವನು ನಾನು.

ಮಿಸೆಸ್ ಹಾಲೋವೇ ಮೈ ಸರಿಯಿಲ್ಲವೇ ಎಂದು ಕೇಳಿದರು. ಚೆನ್ನಾಗಿದ್ದೇನೆ ಎಂದೆ.

ಮನೆಗೆ ಬಂದು ಎರಡು ಪುಟದ ಹೇಳಿಕೆ ಬರೆದೆ. ಮಹದೇವನಿಗೆ ಕೊಟ್ಟ ಮಾತು ನೆನಪಿತ್ತು. ಅವನ ಹೆಸರಾಗಲಿ ಜಾತಿಯಾಗಲಿ ಅದರಲ್ಲಿರಲಿಲ್ಲ. ಕಲಮಿನ ರಚನೆಯೇ ತಪ್ಪು, ಬರೆದವನು ನಾನು, ಹಿಂತೆಗೆದುಕೊಳ್ಳುತ್ತೇನೆ ಎಂದಷ್ಟೇ. ಸರೋಜ ಓದಿ, "ಇದನ್ನ ಓದಿ ಕೂತ್ಕೊಂಡ್ಬಿಡಿ. ವಾದಕ್ಕೆ ನಿಲ್ಬೇಡಿ ರೀ. ನಿಮಗೆ ಗೆಲ್ಲೋ ಚಟ," ಎಂದಳು.

ಯುಗಾದಿಗೆ ಎರಡು ವಾರ ಮೊದಲಿನ ಶನಿವಾರ, ಮಧ್ಯಾಹ್ನ, ಸರ್ವಸದಸ್ಯರ ಸಭೆ. ನೆಲಮಾಳಿಗೆಯ ಒಂದು ತುದಿಯಲ್ಲಿ ನಾವು; ಇನ್ನೊಂದು ತುದಿಯಲ್ಲಿ, ಮಡಚುವ ತಟ್ಟಿಯ ಆಚೆ, ಹಬ್ಬದ ಹಾಡು ಕಲಿಯುತ್ತಿದ್ದ ಮಕ್ಕಳು. ತಟ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗೆ ಬರುವಾಗ ಮೇಘನಾ ಅಲ್ಲಿ ಹಾಡಿನ ಹಾಳೆ ಹಿಡಿದು ಕೂತಿದ್ದನ್ನು ನೋಡಿದ್ದೆ. ಆಮೇಲೆ ಮರೆತೆನೆಂದು ಹೇಳಿಕೊಳ್ಳುವ ಸೌಲಭ್ಯ ನನಗಿಲ್ಲ. ನಾನು ಯಾವುದನ್ನೂ ಮರೆಯುವವನಲ್ಲ.

ಹೇಳಿಕೆ ಓದಿದೆ. ಲೂಯಿಸಿಯಾನದ ಮಾತು ಬಂದಾಗ ಕೆಲವರು ಮೊಬೈಲು ತೆಗೆದರು. ಮುಗಿಸಿ ಕೂರಬೇಕಿತ್ತು. ಶ್ರೀನಾಥ್ ಎದ್ದ.

"ಅಂಕಲ್, ವಿತ್ ಡ್ಯೂ ರೆಸ್ಪೆಕ್ಟ್, ಸ್ಲೇವರಿಗೂ ನಮ್ಮ ಸಾಂಬಾರಿಗೂ ಏನ್ ಸಂಬಂಧ?" ಸಭೆ ನಕ್ಕಿತು. "ರೂಲ್ ಬರ‍್ದೋರು ನೀವು. ಹೊಗಳಿಸ್ಕೊಂಡೋರೂ ನೀವು. ಈಗ ಯಾರಿಗೋ ಅನ್ಯಾಯ ಆಗಿದೆ ಅಂತೀರ. ಯಾರಿಗೆ? ಸುಮ್ನೆ ಗಾಳೀಲಿ ಹೇಳ್ಬೇಡಿ. ಒಂದು ಹೆಸರು ಹೇಳಿ."

ಪುರಾವೆಯಿಲ್ಲದೆ ಮಾತಾಡುತ್ತೀರಿ ಎಂದು ನನಗೆ ಇಡೀ ವೃತ್ತಿಜೀವನದಲ್ಲಿ ಯಾರೂ ಹೇಳಿರಲಿಲ್ಲ. ಮೂರನೆಯ ಸಾಲಿನಲ್ಲಿದ್ದ ಮಹದೇವ ತಲೆಯನ್ನು ಸಣ್ಣಗೆ ಅಡ್ಡ ಆಡಿಸಿದ. ಅದನ್ನೂ ನೋಡಿದೆ.

"ಮಹದೇವ," ಎಂದೆ. "ಇವನ ಕುಟುಂಬ ದಲಿತ ಕುಟುಂಬ. ಇವರ ಮನೆಯವರು ಮುಟ್ಟಿದ ಅನ್ನವನ್ನು ನಿಮ್ಮ ಅಜ್ಜಂದಿರು ತಿನ್ನುತ್ತಿರಲಿಲ್ಲ. ಅದಕ್ಕೇ ನೀವೂ ತಿನ್ನುವುದಿಲ್ಲ. ಇಲ್ಲವೆನ್ನುವವರು ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಆಗ ತಟ್ಟಿಯ ಆಚೆಯ ಹಾಡು ನಿಂತಿದ್ದು ಗೊತ್ತಾಯಿತು. ಮೇಘನಾ ಸಂದಿನಲ್ಲಿ ಬಂದು ನಿಂತಿದ್ದಳು. ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು, ತಾತ ಹೇಳಿದ್ದು ನಮ್ಮ ಬಗ್ಗೆಯಾ ಎಂದು. ಸುಧಾ ಮಗಳ ಜಾಕೆಟ್ಟಿಗಾಗಿ ತಡಕಾಡಿದಳು. ಜಾಕೆಟ್ಟು ಸುಧಾಳ ತೊಡೆಯ ಮೇಲೆಯೇ ಇತ್ತು.

ಆಮೇಲೆ ನಡೆದದ್ದು ನನಗೆ ಅತ್ಯಂತ ಹೇಸಿಗೆಯ ಭಾಗ. ಕಲಮನ್ನು ತೆಗೆದುಹಾಕುವುದನ್ನು ಮತಕ್ಕೆ ಹಾಕಿದರು. ಎಲ್ಲರ ಕೈಯೂ ಮೇಲೆದ್ದಿತು. ಉಪವಾಸದ ಹೆಂಗಸಿನದು ಎದ್ದಿತು. ಶ್ರೀನಾಥನದು ಎಲ್ಲರಿಗಿಂತ ಮೊದಲು ಎದ್ದಿತು. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲವೇ ಇಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇಬ್ಬರು ಹುಡುಗರು ಬಂದು ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.

ಪಾರ್ಕಿಂಗಿನಲ್ಲಿ ಮಹದೇವ ಸಿಕ್ಕ. ತಾಯಿ ಮಗಳು ಕಾರಿನಲ್ಲಿ ಕೂತಿದ್ದರು, ಗಾಜು ಮಂಜಾಗಿತ್ತು. ಅವನು ಕೂಗಾಡಲಿಲ್ಲ.

"ಗೆದ್ರಲ್ಲ ಸರ್," ಎಂದ. "ನಿಮ್ಗೂ ಅವ್ರಿಗೂ ನಡೀತು. ನಾನೂ ಅಲ್ಲೇ ಇದ್ದೆ, ಆದ್ರೂ ಒಂದ್ಮಾತು ನನ್ನ ಕೇಳ್ಬೇಕು ಅಂತ ಯಾರ‍್ಗೂ ಅನ್ನಿಸ್ಲಿಲ್ಲ."

ನ್ಯಾಯಕ್ಕಾಗಿ ಎಂದು ಶುರು ಮಾಡಿದೆ. ಅವನು ಕಾರಿನ ಬಾಗಿಲು ಹಾಕಿಕೊಂಡ.

ಮುಂದಿನ ಮಂಗಳವಾರ ತರಗತಿ ಮುಗಿದ ಮೇಲೆ ಎಲ್ಲವನ್ನೂ ಮಿಸೆಸ್ ಹಾಲೋವೇಯವರಿಗೆ ಹೇಳಿದೆ. ಪಾರ್ಕಿಂಗಿನ ಮಾತನ್ನು ಬಿಟ್ಟು ಹೇಳಿದೆ. ಮೆಚ್ಚುಗೆಯ ನಿರೀಕ್ಷೆ ಇತ್ತು, ಏಕೆ ಸುಳ್ಳು ಹೇಳಲಿ. ಅವರು ಕಾಗದಗಳನ್ನು ಜೋಡಿಸುವುದನ್ನು ನಿಲ್ಲಿಸಿದರು.

"ಅವರ ಹೆಸರು ಹೇಳಿದಿರಾ? ಮಗುವಿನ ಎದುರು?"

"ಸತ್ಯವನ್ನಲ್ಲವೇ ಹೇಳಿದ್ದು?"

"ನಮ್ಮೂರಿನಲ್ಲಿಯೂ ನಮ್ಮ ಪರವಾಗಿ ಮಾತಾಡುವವರಿದ್ದರಂತೆ," ಎಂದರು. "ನನ್ನ ತಂದೆ ಹೇಳುತ್ತಿದ್ದರು. ಸಭೆ ಮುಗಿದ ಮೇಲೆ ಅವರು ಅವರ ಮನೆಗೆ ಹೋಗುತ್ತಿದ್ದರು, ನಾವು ನಮ್ಮ ಮನೆಗೆ ಬರುತ್ತಿದ್ದೆವು. ಆ ರಾತ್ರಿಯನ್ನು ಕಳೆಯಬೇಕಾದವರು ನಾವು." ಕನ್ನಡಕ ಒರೆಸಲಿಲ್ಲ. ಪ್ರಶ್ನೆಯಾಗಿದ್ದರೆ ಒರೆಸುತ್ತಿದ್ದರು.

ಯುಗಾದಿ ನಡೆಯಿತು. ಮೇಘನಾ ಹಾಡಲು ಬರಲಿಲ್ಲ. ಬೈಲಾ ಶುದ್ಧಿಗೊಳಿಸಿದ್ದಕ್ಕಾಗಿ ನನಗೆ ಶಾಲು ಹೊದಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ನಾನು ಹೋಗದ್ದರಿಂದ ಮನೆಗೆ ಕಳಿಸಿಕೊಟ್ಟರು. ಮರುದಿನವೇ ಅಂಚೆಯಲ್ಲಿ ಹಿಂದಿರುಗಿಸಿದೆ. ಮುಂದಿನ ಜನವರಿಯಲ್ಲಿ ಪಟ್ಟಿ ಬಂದಾಗ ಸರೋಜ ತಂದು ತೋರಿಸಿದಳು. ಯಾವ ನಿಯಮವೂ ಇರಲಿಲ್ಲ, ಯಾವ ವಿನಾಯಿತಿಯೂ ಇರಲಿಲ್ಲ. ಹೆಸರುಗಳು ಮಾತ್ರ ನಿಯಮವಿದ್ದಾಗಿನ ಅವೇ ಆಗಿದ್ದವು. ಶ್ರೀನಾಥ್ ಈಗಲೂ ವೇದಿಕೆಯಲ್ಲಿ ನಮ್ಮ ಬಳಗದ ವೈಶಾಲ್ಯದ ಬಗ್ಗೆ ಮಾತಾಡುವಾಗ ಆ ಮತದಾನವನ್ನು ಉದಾಹರಿಸುತ್ತಾನಂತೆ. ಸರ್ವಾನುಮತ ಎಂಬ ಪದವನ್ನು ಬಳಸುತ್ತಾನಂತೆ.

ಮಹದೇವನ ಸಂಸಾರ ಶಾಲೆ ಮುಗಿಯುತ್ತಲೇ ೨೦೧೪ರ ಜೂನಿನಲ್ಲಿಯೇ ರೆಂಟನ್ನಿಗೆ ಮನೆ ಬದಲಿಸಿತು. ಕಾರ್ಖಾನೆ ಹತ್ತಿರ, ಅದಕ್ಕೆ ಎಂದು ಎಲ್ಲರಿಗೂ ಹೇಳಿದರಂತೆ. ನನ್ನ ಫೋನುಗಳಿಗೆ ಉತ್ತರ ಬರಲಿಲ್ಲ. ಕ್ಷಮೆ ಕೇಳುವ ಪತ್ರ ಬರೆಯಲು ಕೂತರೆ ಪ್ರತಿ ಸಲವೂ ಅದು ನನ್ನ ಸಮರ್ಥನೆಯಾಗಿ ಬೆಳೆಯುತ್ತಿತ್ತು, ನಾಲ್ಕು ಹರಿದೆ. ಕೊನೆಗೆ ಜುಲೈಯ ಒಂದು ಭಾನುವಾರ, ಸರೋಜಳಿಗೂ ಹೇಳದೆ, ವಿಳಾಸ ಹುಡುಕಿಕೊಂಡು ಹೋದೆ. ಒಳ್ಳೆಯ ಬಿಸಿಲಿತ್ತು.

ಬಾಗಿಲು ತೆರೆದವಳು ಮೇಘನಾ. ಎತ್ತರವಾಗಿದ್ದಳು. ತಾತ ಎನ್ನಲಿಲ್ಲ. ಒಳಗೆ ನೀರಿನ ನಲ್ಲಿ ಹರಿಯುತ್ತಿದ್ದ ಸದ್ದು ಕೇಳಿತು, ಆಮೇಲೆ ನಿಂತಿತು.

ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅಪ್ಪ ಮನೆಯಲ್ಲಿದ್ದಾರೆ, ಆದರೆ ಬರುವುದಿಲ್ಲ, ಎಂದಳು. ಸರಿ, ನಾನು ಬಂದಿದ್ದೆ ಎಂದು ಹೇಳಮ್ಮ, ಎಂದು ತಿರುಗಿದೆ. ಆಗ ಅವಳು ಹೊಸ್ತಿಲು ದಾಟಿ ಬಂದು ಬಾಗಿಲನ್ನು ಹಿಂದೆ ಎಳೆದುಕೊಂಡಳು.

"ನಮ್ಮ ಮನೆಯವರು ಮುಟ್ಟಿದ ಅನ್ನವನ್ನು ಯಾರೂ ತಿನ್ನುತ್ತಿರಲಿಲ್ಲ ಅಂತ ನೀವು ಹೇಳಿದಿರಿ."

"ಹೌದಮ್ಮ."

"ಅಪ್ಪ ನನಗೆ ಏನನ್ನೋ ಹೇಳಬೇಕೆಂದಿದ್ದರಂತೆ. ಅಮ್ಮ ಹೇಳಿದಳು. ಈಗ ಕೇಳಿದರೆ, ನಿನಗೆ ಗೊತ್ತಾಯಿತಲ್ಲ, ಇನ್ನೇನಿದೆ, ಅಂತಾರೆ. ಊರಿಗೆ ಹೋಗುವುದೂ ಬೇಡ ಅಂತಾರೆ. ನನಗೆ ಗೊತ್ತಿರುವುದು ನೀವು ಹೇಳಿದ ಆ ಒಂದು ವಾಕ್ಯ ಮಾತ್ರ. ಅದಕ್ಕೆ ಮೊದಲು ಏನಿತ್ತು?"

ಗದ್ದೆಯ ವಿಷಯ ನನಗೆ ಗೊತ್ತಿತ್ತು. ಮಹದೇವನನ್ನು ಮೂರು ಮೈಲಿ ನಡೆಸಿಕೊಂಡು ಹೋದ ತಂದೆಯ ವಿಷಯ ಗೊತ್ತಿತ್ತು. ಟಕ್ವಿಲಾದ ಆ ಮೇಜಿನ ಮೇಲೆ ಅವನು ಜೋಡಿಸಿಟ್ಟ ಕ್ರಮ, ಮೊದಲು ಅದು ಆಮೇಲೆ ಇದು, ಅಕ್ಷರಶಃ ನನ್ನ ಬಾಯಲ್ಲಿತ್ತು. ಬಾಗಿಲಿನ ಆಚೆ, 'ನನ್ ಬಾಯಿಂದ' ಎಂದಿದ್ದ ಮನುಷ್ಯ ನಿಂತು ಕೇಳಿಸಿಕೊಳ್ಳುತ್ತಿದ್ದಾನೆಂದೂ ಗೊತ್ತಿತ್ತು.

"ನನಗೆ ಗೊತ್ತಿಲ್ಲಮ್ಮ," ಎಂದೆ.

ಅವಳು ನಂಬಲಿಲ್ಲ. ಒಳಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ನಾನು ಬಿಸಿಲಿನಲ್ಲಿ ನಿಂತು ಒಳಗಿನಿಂದ ಮಾತು ಕೇಳಿಸೀತೇ ಎಂದು ಕಾದೆ. ಕೇಳಿಸಿದ್ದು ಮತ್ತೆ ಹರಿಯತೊಡಗಿದ ನಲ್ಲಿಯ ನೀರು.